ಕಲ್ಲಿನ ದೂಳು ಮತ್ತು ಔಷಧದ ಸಿಲಿಕಾ

ಸಿಲಿಕಾ ಅಂದರೆ ಶ್ವಾಸಕೋಶ ಹಾಳುಮಾಡುವ ವಸ್ತು, ಅದರ ನ್ಯಾನೋಕಣಗಳನ್ನು ಔಷಧವೆಂದು ಮೈಗೆ ಸೇರಿಸಿದರೆ ಅಪಾಯ ತಪ್ಪಿದ್ದಲ್ಲ ಎಂಬ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಕೊರೆದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದದ್ದು 1940ರ ದಶಕದಲ್ಲೇ ವೈದ್ಯಕೀಯ ದಾಖಲೆ ಸೇರಿದೆ. ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಆಧಾರವಾದ 1948ರ ಕಾಯ್ದೆಯ ಅನುಸೂಚಿಯಲ್ಲೂ ಸಿಲಿಕೋಸಿಸ್ ಕೆಲಸದಿಂದ ಬರುವ ಕಾಯಿಲೆಗಳ ಸಾಲಿನಲ್ಲಿತ್ತು. ಗ್ರಾನೈಟ್ ಕೊಯ್ಯುವ, ಸ್ಯಾಂಡ್ ಬ್ಲಾಸ್ಟಿಂಗ್ ಮಾಡುವ, ಫೌಂಡ್ರಿಯಲ್ಲಿ ಅಚ್ಚು ಒಡೆಯುವ ಕೆಲಸದವರು ಇರುವ ಮನೆಗಳಲ್ಲಿ ಈ ಭಯ ಇರುವುದು ಸಹಜ, ನ್ಯಾಯವೂ ಹೌದು. ಆದರೆ ದೂಳಿನ ಮೇಲಿನ ಭಯವನ್ನು ಹಾಗೆಯೇ ಎತ್ತಿ ಔಷಧದ ಮೇಲೆ ಇಟ್ಟರೆ ಎರಡು ಕಡೆಯೂ ಲೆಕ್ಕ ತಪ್ಪುತ್ತದೆ.

ಕಲ್ಲಿನ ದೂಳು ಕೊಲ್ಲುವ ಬಗೆಯನ್ನು ಮೊದಲು ನೋಡೋಣ. ಬೆಣಚುಕಲ್ಲಿನಲ್ಲಿರುವುದು ಸ್ಫಟಿಕ ರೂಪದ ಸಿಲಿಕಾ. ಅದನ್ನು ಕೊಯ್ದಾಗ, ಒಡೆದಾಗ ಏಳುವ ದೂಳಿನಲ್ಲಿ ಸುಮಾರು ಐದು ಮೈಕ್ರಾನ್‌ಗಿಂತ ಚಿಕ್ಕ ಕಣಗಳು ಮೂಗು, ಗಂಟಲು ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಕಸ ಗುಡಿಸಲೆಂದೇ ಅಲ್ಲಿರುವ ರಕ್ಷಕ ಕೋಶಗಳು ಅವನ್ನು ನುಂಗುತ್ತವೆ, ಕರಗಿಸಲಾಗದೆ ತಾವೇ ಸಾಯುತ್ತವೆ. ಕಣ ಹೊರಬಿದ್ದು ಇನ್ನೊಂದು ಕೋಶದ ಪಾಲಾಗುತ್ತದೆ. ವರ್ಷಗಟ್ಟಲೆ ಇದೇ ನಡೆದು ಉರಿಯೂತ ಆರದೆ ಉಳಿಯುತ್ತದೆ, ಮೆತ್ತಗಿರಬೇಕಾದ ಶ್ವಾಸಕೋಶದಲ್ಲಿ ಗಾಯದ ಕಲೆಯಂಥ ಗಂಟುಗಳು ಕಟ್ಟುತ್ತವೆ. ಕಣ ಕರಗದ ಸ್ಫಟಿಕವಾಗಿರಬೇಕು, ಉಸಿರಿನ ದಾರಿಯಲ್ಲೇ ಬರಬೇಕು, ಸಾಮಾನ್ಯವಾಗಿ ವರ್ಷಗಟ್ಟಲೆ ಬರುತ್ತಿರಬೇಕು. ಇವು ಒಟ್ಟಾದಾಗಲೇ ಸಿಲಿಕೋಸಿಸ್.

ಔಷಧಕ್ಕೆ ಬಳಸುವ ಸಿಲಿಕಾ ಬಹುಮಟ್ಟಿಗೆ ಅಸ್ಫಟಿಕ ರೂಪದ್ದು. ಕಲ್ಲುಸಕ್ಕರೆಯೂ ಜಾತ್ರೆಯ ಬೊಂಬಾಯಿ ಮಿಠಾಯಿಯೂ ಒಂದೇ ಸಕ್ಕರೆ. ಮೊದಲನೆಯದರಲ್ಲಿ ಅಣುಗಳು ಸಾಲು ಹಿಡಿದು ಕೂತಿವೆ, ಎರಡನೆಯದರಲ್ಲಿ ಹೇಗೆಂದರೆ ಹಾಗೆ ಇವೆ. ಸಿಲಿಕಾದ ಎರಡು ರೂಪಗಳ ನಡುವೆಯೂ ಇಂಥದೇ ಅಂತರ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಎರಡನ್ನೂ ಒಂದೇ ಸಂಪುಟದಲ್ಲಿ ಪರಿಶೀಲಿಸಿತು. ಕೆಲಸದ ಜಾಗದಲ್ಲಿ ಉಸಿರಾಡುವ ಸ್ಫಟಿಕ ಸಿಲಿಕಾವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಹಾಕಿತು. ಅಸ್ಫಟಿಕ ಸಿಲಿಕಾ ಹಾಗೆಂದು ವರ್ಗೀಕರಿಸಲು ಸಾಕ್ಷ್ಯ ಸಾಲದ ಮೂರನೇ ಗುಂಪಿಗೆ ಹೋಯಿತು. ಮಾತ್ರೆಯ ಪುಡಿ ಯಂತ್ರದಲ್ಲಿ ಗಂಟು ಕಟ್ಟದೆ ಸರಾಗ ಇಳಿಯಲಿ ಎಂದು ಕಂಪನಿಗಳು ಸೇರಿಸುವುದು ಈ ಅಸ್ಫಟಿಕ ಸಿಲಿಕಾವನ್ನೇ, ಸಾಮಾನ್ಯವಾಗಿ ಶೇ. 0.1ರಿಂದ 1ರಷ್ಟು. 500 ಮಿಲಿಗ್ರಾಂ ಮಾತ್ರೆಯಲ್ಲಿ ಅದು ಅರ್ಧದಿಂದ ಐದು ಮಿಲಿಗ್ರಾಂ. ಪುಡಿ ಆಹಾರದ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಕಾಣುವ 551 ಎಂಬ ಸಂಖ್ಯೆಯೂ ಇದರದೇ. ಬಾಯಿಂದ ಹೋದದ್ದರಲ್ಲಿ ಹೆಚ್ಚಿನ ಪಾಲು ಮಲದಲ್ಲಿ ಹೋಗುತ್ತದೆ. ಕರಗಿ ರಕ್ತ ಸೇರಿದ ಅಲ್ಪಸ್ವಲ್ಪ ಸಿಲಿಸಿಕ್ ಆಮ್ಲವಾಗಿ ಮೂತ್ರದ ಮೂಲಕ ಹೊರಬೀಳುತ್ತದೆ.

ಇಲ್ಲಿಗೆ ನಿಂತು "ಹಾಗಾದರೆ ಸಿಲಿಕಾ ನ್ಯಾನೋಕಣ ನಿರಪಾಯ" ಎಂದರೆ ಅದು ಎರಡನೇ ತಪ್ಪು ಕಲ್ಪನೆ. ಮೊದಲನೆಯದಕ್ಕಿಂತ ಇದು ನನಗೆ ಹೆಚ್ಚು ಆತಂಕ ಹುಟ್ಟಿಸುತ್ತದೆ, ಏಕೆಂದರೆ ಇದು ವಿಜ್ಞಾನದ ಭಾಷೆಯಲ್ಲೇ ಬರುತ್ತದೆ. ಹೊಟ್ಟೆಗೆ ಹೋಗುವುದೇ ಬೇರೆ, ರಕ್ತನಾಳಕ್ಕೆ ಹೋಗುವುದೇ ಬೇರೆ. ಲೇಪನವಿಲ್ಲದ ಸಿಲಿಕಾ ಕಣದ ಮೈಮೇಲೆ ಸಿಲನಾಲ್ ಎಂಬ ರಾಸಾಯನಿಕ ತುದಿಗಳಿರುತ್ತವೆ. ಕೆಂಪು ರಕ್ತಕಣದ ಪೊರೆಗೆ ಅವು ಅಂಟಿದರೆ ಪೊರೆ ಒಡೆಯುತ್ತದೆ. ಪ್ರಯೋಗಾಲಯದಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಲೇಪನ ಕೊಟ್ಟಾಗ ಈ ಹಾನಿ ಬಹಳ ಇಳಿಯುತ್ತದೆ. ಮೇಲ್ಮೈಯಷ್ಟೇ ಗಾತ್ರವೂ ಮುಖ್ಯ. ನ್ಯಾನೋ ಎಂದಮೇಲೆ ಚಿಕ್ಕದಾದಷ್ಟೂ ಅಪಾಯ ಹೆಚ್ಚು ಎಂದು ಹಲವರು ತಿಳಿದಿದ್ದಾರೆ. ಆದರೆ ಸುಮಾರು ಆರು ನ್ಯಾನೋಮೀಟರ್ ಆಸುಪಾಸಿನ ಕಣವನ್ನು ಮೂತ್ರಪಿಂಡ ಸೋಸಿ ಹೊರಹಾಕಬಲ್ಲದು. ನೂರಾರು ನ್ಯಾನೋಮೀಟರಿನ ಕಣ ಯಕೃತ್ತು, ಗುಲ್ಮಗಳಲ್ಲಿ ತಂಗುತ್ತದೆ.

ಇಂಥ ಕಣಗಳ ಪ್ರಯೋಗ ಮನುಷ್ಯರ ಮೇಲೂ ನಡೆದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಆರೇಳು ನ್ಯಾನೋಮೀಟರಿನ ಲೇಪಿತ ಸಿಲಿಕಾ ಕಣ 'ಸಿ-ಡಾಟ್'ಗೆ 2011ರಲ್ಲಿ ಮಾನವ ಪ್ರಯೋಗದ ಅನುಮತಿ ಸಿಕ್ಕಿತು. ಚರ್ಮದ ಕ್ಯಾನ್ಸರ್ ಹರಡಿದ್ದ ಐದು ರೋಗಿಗಳಲ್ಲಿ ಸ್ಕ್ಯಾನಿಂಗ್‌ಗಾಗಿ ಬಳಸಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು: ಕಣಗಳು ಮೂತ್ರದಲ್ಲಿ ಹೊರಹೋದವು, ವಿಷಪರಿಣಾಮ ಕಾಣಲಿಲ್ಲ. ಸಿಲಿಕಾ ತಿರುಳಿಗೆ ಚಿನ್ನದ ಹೊದಿಕೆ ಇರುವ, ಸುಮಾರು 150 ನ್ಯಾನೋಮೀಟರಿನ ಕಣಗಳನ್ನು ಪ್ರಾಸ್ಟೇಟ್ ಕ್ಯಾನ್ಸರಿನ ಗಡ್ಡೆಯನ್ನು ಕಾಯಿಸಿ ಸುಡಲು ಬಳಸಿದ ವರದಿ 2019ರಲ್ಲಿ ಬಂತು; ಅದರಲ್ಲಿದ್ದವರು 16 ಮಂದಿ. ಐದು ಜನ, ಹದಿನಾರು ಜನ ಎಂಬ ಸಂಖ್ಯೆಗಳನ್ನು ಓದುಗರು ಗಮನಿಸಬೇಕು. ಆರಂಭಕ್ಕೆ ಇವು ಒಳ್ಳೆಯ ಸುದ್ದಿ. ಹತ್ತು ವರ್ಷದ ನಂತರ ಏನು ಎಂಬ ಪ್ರಶ್ನೆಗೆ ಉತ್ತರ ಅಲ್ಲ.

ನಮ್ಮ ಊರಿನ ಕೆಲಸವನ್ನೂ ಇದೇ ಅಳತೆಯಲ್ಲಿ ನೋಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಲ್ಲೇ ಬೆಳೆದ ಥೆರನಾಟಿಲಸ್ ಎಂಬ ನವೋದ್ಯಮ 2022ರಲ್ಲಿ ರೂಟ್ ಕೆನಾಲ್ ಚಿಕಿತ್ಸೆಗೊಂದು ದಾರಿ ತೋರಿಸಿದವು. ಸ್ಕ್ರೂ ಆಕಾರದ ಸಿಲಿಕಾ ಕಣಕ್ಕೆ ಕಬ್ಬಿಣದ ಲೇಪ. ಕಾಂತಕ್ಷೇತ್ರದಿಂದ ಅದನ್ನು ಹಲ್ಲಿನೊಳಗಿನ ಸೂಕ್ಷ್ಮ ನಳಿಕೆಗಳ ಆಳಕ್ಕೆ ನಡೆಸಿ, ಬಿಸಿಮಾಡಿ ಬ್ಯಾಕ್ಟೀರಿಯಾ ಕೊಲ್ಲುವುದು. ಕಿತ್ತ ಹಲ್ಲುಗಳಲ್ಲಿ ಇದು ಸಾಧ್ಯವಾಯಿತು, ಇಲಿಗಳಲ್ಲಿ ಸುರಕ್ಷಿತವೆಂದು ಕಂಡಿತು. ಕೆಲಸ ಮುಗಿದ ಮೇಲೆ ಕಣಗಳನ್ನು ಕಾಂತದಿಂದಲೇ ಹಿಂದಕ್ಕೆ ಸೆಳೆಯಬಹುದು. ಸಿಲಿಕಾ ಎಂಬ ಹೆಸರಿಗೇ ಹೆದರಿ ಇದನ್ನು ಬೇಡವೆನ್ನಲು ಕಾರಣವಿಲ್ಲ. ಹಾಗೆಂದು ಇಲಿಯ ಫಲಿತಾಂಶವನ್ನು ಮನುಷ್ಯನ ಫಲಿತಾಂಶ ಎಂದುಕೊಳ್ಳಲೂ ಆಗದು.

ಸ್ಫಟಿಕ ಕೆಟ್ಟದ್ದು, ಅಸ್ಫಟಿಕ ಒಳ್ಳೆಯದು ಎಂಬ ಗೆರೆ ಅಷ್ಟು ಸ್ಪಷ್ಟವೇ ಎಂದು ಬಲ್ಲವರು ಕೇಳಬಹುದು. ಆಕ್ಷೇಪ ಸರಿಯಾದದ್ದೇ. ಮೇಲ್ಮೈಯಲ್ಲಿ ಸಿಲನಾಲ್‌ಗಳು ಒಂದಕ್ಕೊಂದು ಎಷ್ಟು ದೂರದಲ್ಲಿವೆ ಎಂಬುದೇ ಕೋಶದ ಪೊರೆಗಾಗುವ ಹಾನಿಯನ್ನು ತೀರ್ಮಾನಿಸುತ್ತದೆ ಎಂದು 2020ರ ಸಂಶೋಧನೆಯೊಂದು ತೋರಿಸಿತು. ಅಂದರೆ ಅಸ್ಫಟಿಕ ಎಂಬ ಹಣೆಪಟ್ಟಿ ಇದ್ದರೆ ಸಾಲದು. ತಯಾರಾದ ಒಂದೊಂದು ಕಣವನ್ನೂ ಅದರದೇ ಗಾತ್ರ, ಮೇಲ್ಮೈ, ಪ್ರಮಾಣ, ದೇಹ ಸೇರುವ ದಾರಿಯ ಮೇಲೆ ಪರೀಕ್ಷಿಸಬೇಕು. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರತಂದ ನ್ಯಾನೋ ಔಷಧಗಳ ಮಾರ್ಗಸೂಚಿಯ ಹಿಂದಿರುವುದೂ ಇದೇ ತಿಳಿವಳಿಕೆ. ನ್ಯಾನೋ ಸಿಲಿಕಾ ಹನಿ, ನ್ಯಾನೋ ಸಿಲಿಕಾ ಪುಡಿ ಎಂದು ಯಾರಾದರೂ ಮಾರಲು ಬಂದರೆ, ಯಾವ ಪರೀಕ್ಷೆ, ಎಷ್ಟು ಜನರ ಮೇಲೆ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ. ಪ್ರಕೃತಿಯಿಂದ ಬಂದದ್ದು ಎಂಬುದು ಆ ಪ್ರಶ್ನೆಗೆ ಉತ್ತರವಲ್ಲ, ಬೆಣಚುಕಲ್ಲೂ ಪ್ರಕೃತಿಯದೇ.

ಮಾತ್ರೆಯ ಐದು ಮಿಲಿಗ್ರಾಂ ಬಗ್ಗೆ ಚಿಂತಿಸುವ ನಾವು, ಬಸವೇಶ್ವರನಗರದಲ್ಲೋ ಕೆಂಗೇರಿಯಲ್ಲೋ ಮನೆ ಕಟ್ಟುವಾಗ ಗೇಟಿನ ಮುಂದೆಯೇ ಒಣ ಬ್ಲೇಡಿನಲ್ಲಿ ಗ್ರಾನೈಟ್ ಕೊಯ್ಯುವ ಹುಡುಗನ ಬಗ್ಗೆ ಚಿಂತಿಸುವುದಿಲ್ಲ. ಬಿಳಿ ಮೋಡದೊಳಗೆ ಕೂತ ಅವನ ಮೂಗಿಗಿರುವುದು ಒಂದು ಕರವಸ್ತ್ರ. ಸೂಕ್ಷ್ಮ ಕಣಗಳನ್ನು ಅದು ತಡೆಯದು. ಬ್ಲೇಡಿನ ಮೇಲೆ ನೀರು ಬಿಟ್ಟುಕೊಂಡು ಕೊಯ್ದರೆ ದೂಳು ಬಹುಪಾಲು ಅಲ್ಲೇ ಕೆಸರಾಗಿ ಕೂರುತ್ತದೆ, ಅದಕ್ಕೆ ಬೇಕಾದದ್ದು ಒಂದು ಪೈಪು ಮತ್ತು ಮನೆ ಕಟ್ಟಿಸುವವರ ಒಂದು ಮಾತು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚು, ಎಕ್ಸ್-ರೇಯಲ್ಲಿ ಒಂದು ಇನ್ನೊಂದರಂತೆ ಕಾಣುವುದೂ ಉಂಟು. ಆದ್ದರಿಂದ ಕೆಮ್ಮಿಗೆಂದು ಆಸ್ಪತ್ರೆಗೆ ಹೋದಾಗ ಎಷ್ಟು ವರ್ಷ ಕಲ್ಲು ಕೊಯ್ದದ್ದು ಎಂಬುದನ್ನು ವೈದ್ಯರು ಕೇಳದಿದ್ದರೂ ಮೊದಲೇ ಹೇಳಿಬಿಡಬೇಕು.