ಹಳೆಯ ಕಂಪ್ಯೂಟರ್: ದುರಸ್ತಿಯೋ, ನಿವೃತ್ತಿಯೋ?

ಸಂಜೆ ಏಳು ಗಂಟೆ. ದ್ವಿತೀಯ ಪಿಯುಸಿ ಓದುವ ಮಗ ಕಂಪ್ಯೂಟರಿನ ಗುಂಡಿ ಒತ್ತಿ ಅಡುಗೆಮನೆಗೆ ಹೋಗುತ್ತಾನೆ. ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತವೆ. ‘ಅಪ್ಪಾ, ಇದ್ರಲ್ಲಿ ಇನ್ನೇನೂ ಮಾಡೋಕಾಗಲ್ಲ. ಹೊಸದೇ ಬೇಕು’ ಎಂಬ ಬೇಡಿಕೆ ಹೊರಡುತ್ತದೆ. ಪತ್ರಿಕೆಯಿಂದ ತಲೆಯೆತ್ತದ ಅಪ್ಪ, ‘ಮುಂದಿನ ವರ್ಷ ನಿನ್ನ ಕಾಲೇಜು ಫೀಸು ಎಷ್ಟಾಗುತ್ತೆ ಗೊತ್ತೇನೋ?’ ಎನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮುನಿಸು ಮಾತ್ರ ಮುಂದುವರಿಯುತ್ತದೆ.

ಹದಿಹರೆಯದ ಮಕ್ಕಳಿರುವ ಎಷ್ಟೋ ಮನೆಗಳಿಗೆ ಈ ದೃಶ್ಯ ಹೊಸದಲ್ಲ. ಮಗನ ದೂರು ಸುಳ್ಳಲ್ಲ, ಅಪ್ಪನ ಅಳುಕೂ ತಪ್ಪಲ್ಲ. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಕಂಪ್ಯೂಟರ್ ನಿಧಾನವಾಗಿರುವುದು ಏಕೆ? ಅದು ತಿಳಿಯದೆ ಹೊಸದು ಕೊಳ್ಳುವುದು, ರೋಗ ತಿಳಿಯದೆ ಔಷಧ ಕೊಂಡಂತೆ.

ಮೇಜು ಚಿಕ್ಕದು, ಕಪಾಟು ದೂರ

ಕಂಪ್ಯೂಟರನ್ನು ಓದಲು ಕುಳಿತ ವಿದ್ಯಾರ್ಥಿಗೆ ಹೋಲಿಸಬಹುದು. ಪ್ರೊಸೆಸರ್ ಆ ವಿದ್ಯಾರ್ಥಿ. ರ‍್ಯಾಮ್ ಅವನ ಎದುರಿನ ಮೇಜು. ಹಾರ್ಡ್‌ಡಿಸ್ಕ್ ಪಕ್ಕದ ಕೋಣೆಯ ಪುಸ್ತಕದ ಕಪಾಟು. ವಿದ್ಯಾರ್ಥಿ ಎಷ್ಟೇ ಚುರುಕಾಗಿದ್ದರೂ ಮೇಜು ಚಿಕ್ಕದಾದರೆ ಪದೇ ಪದೇ ಎದ್ದು ಕಪಾಟಿಗೆ ಓಡಬೇಕು. ಓಡಾಟದಲ್ಲೇ ಹೊತ್ತು ಕಳೆಯುತ್ತದೆ.

ಹಾರ್ಡ್‌ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಗಳಿರುತ್ತವೆ. ಬೇಕಾದ ಮಾಹಿತಿ ಇರುವ ಜಾಗ ತಲುಪಲು ಸೆಕೆಂಡಿನ ಸುಮಾರು ನೂರನೇ ಒಂದು ಭಾಗ ಹಿಡಿಯುತ್ತದೆ. ಕೇಳಲು ಇದು ಅಲ್ಪವೇ. ಆದರೆ ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕು. ಅಲ್ಪವೆಲ್ಲ ಕೂಡಿ ನಿಮಿಷಗಳಾಗುತ್ತವೆ. ಅದರ ಬದಲಿಗೆ ಬಂದಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್‌ಡಿಸ್ಕ್ ತೆಗೆದುಕೊಳ್ಳುವ ಹೊತ್ತಿನ ಸುಮಾರು ನೂರನೇ ಒಂದು ಪಾಲಿನಲ್ಲಿ ಅದು ಮಾಹಿತಿಯನ್ನು ತಲುಪಬಲ್ಲದು. ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಸಿದವರು ‘ಹೊಸದೇ ಬಂದಂತಾಯಿತು’ ಎನ್ನುವುದು ಇದೇ ಕಾರಣಕ್ಕೆ.

ಖರ್ಚಿಲ್ಲದ ಪರೀಕ್ಷೆ

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ‘ಟಾಸ್ಕ್ ಮ್ಯಾನೇಜರ್’ ತೆರೆಯುತ್ತದೆ. ಎಂದಿನ ಕೆಲಸ ಮಾಡುತ್ತಲೇ ಅದರಲ್ಲಿನ ಅಂಕಿಗಳನ್ನು ಹತ್ತು ನಿಮಿಷ ಗಮನಿಸಿ. ಡಿಸ್ಕ್ ಎಂಬಲ್ಲಿ ಅಂಕಿ ಶೇ 100ರ ಬಳಿಯೇ ನಿಂತಿದ್ದರೆ ತಪ್ಪು ಸಾಮಾನ್ಯವಾಗಿ ಹಾರ್ಡ್‌ಡಿಸ್ಕಿನದು. ಮೆಮೊರಿ ಶೇ 90ರ ಆಸುಪಾಸಿನಲ್ಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಇವೆರಡೂ ಕಡಿಮೆಯಿದ್ದು ಸಿಪಿಯು ಮಾತ್ರ ಸದಾ ಏದುಸಿರು ಬಿಡುತ್ತಿದ್ದರೆ, ಪ್ರೊಸೆಸರಿಗೆ ಶಕ್ತಿ ಸಾಲದು ಅಥವಾ ಬೇಡದ ತಂತ್ರಾಂಶವೊಂದು ಹಿಂದೆ ಕುಳಿತು ದುಡಿಸುತ್ತಿದೆ.

ದೂಳನ್ನೂ ಮರೆಯಬಾರದು. ಫ್ಯಾನಿಗೆ ದೂಳು ಮೆತ್ತಿಕೊಂಡರೆ ಒಳಗಿನ ಶಾಖ ಹೊರಹೋಗುವುದಿಲ್ಲ. ಸುಟ್ಟುಹೋಗದಿರಲೆಂದು ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ದೂಳು ತೆಗೆದು, ಕಂಪ್ಯೂಟರಿನ ಜತೆಗೇ ಶುರುವಾಗುವ ಬೇಡದ ತಂತ್ರಾಂಶಗಳನ್ನು ನಿಲ್ಲಿಸಿದರೆ ಕೆಲವು ಮನೆಗಳ ಸಮಸ್ಯೆ ಅಲ್ಲಿಗೇ ಮುಗಿದೀತು.

ವಯಸ್ಸು ಹೇಳುವ ಸಂಖ್ಯೆ

ಕಾರಣ ತಿಳಿದ ಮೇಲೆ ಕಂಪ್ಯೂಟರಿನ ವಯಸ್ಸು ನೋಡಬೇಕು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಮತ್ತೊಂದು ವರ್ಷ ಭದ್ರತಾ ಪರಿಷ್ಕರಣೆ ಸಿಗುವಂತೆ ಮಾಡಿತಾದರೂ ಅದು ತಾತ್ಕಾಲಿಕ ಏರ್ಪಾಡು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಎಎಂಡಿ ಆದರೆ ಬಹುಮಟ್ಟಿಗೆ ರೈಜನ್ 2000 ಸರಣಿಯದು ಅಥವಾ ಅದರ ನಂತರದ್ದು. ಜತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಇರಬೇಕು.

ಇಂಟೆಲ್ ಕೋರ್ ಪ್ರೊಸೆಸರಿನ ತಲೆಮಾರು ಅದರ ಹೆಸರಿನಲ್ಲೇ ಇರುತ್ತದೆ. ಐ5-8250 ಎಂದಿದ್ದರೆ ಅಡ್ಡಗೆರೆಯ ಮುಂದಿನ 8 ಎಂಟನೇ ತಲೆಮಾರನ್ನು ಸೂಚಿಸುತ್ತದೆ; ಐ3-4130 ಎಂದರೆ ನಾಲ್ಕನೆಯದು. ಎಂಟು ಅಥವಾ ಹೆಚ್ಚಿನದಾದರೆ ಎಸ್‌ಎಸ್‌ಡಿಗೂ ರ‍್ಯಾಮಿಗೂ ಹಣ ಹಾಕಲು ಹಿಂಜರಿಯಬೇಕಿಲ್ಲ. ಅದಕ್ಕಿಂತ ಹಳೆಯದಾದರೆ ಎಸ್‌ಎಸ್‌ಡಿ ಒಂದನ್ನೇ ಹಾಕಿಸಿ, ಹೆಚ್ಚಿನ ಖರ್ಚು ತಡೆಯುವುದು ಮೇಲು. ಮುಂದೆ ಹೊಸ ಕಂಪ್ಯೂಟರ್ ಬಂದಾಗ ಆ ಎಸ್‌ಎಸ್‌ಡಿಯನ್ನು ಮಾಹಿತಿ ಕೂಡಿಡಲು ಬಳಸಿಕೊಳ್ಳಬಹುದು.

ಹಳೆಯದಕ್ಕೆ ಇನ್ನೊಂದು ದಾರಿಯೂ ಇದೆ: ಉಚಿತವಾಗಿ ಸಿಗುವ ಲಿನಕ್ಸ್. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕೊಠಡಿಗಳು ನಡೆಯುತ್ತಿರುವುದು ಇದರ ಮೇಲೆಯೇ. ಲಿನಕ್ಸ್ ಮಿಂಟ್‌ನಂಥ ಆವೃತ್ತಿಗೆ 4 ಜಿಬಿ ರ‍್ಯಾಮ್ ಸಾಕು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ ಆಮೇಲೆ ತೀರ್ಮಾನಿಸಬಹುದು. ಪೈಥಾನ್ ಕಲಿಯಲು, ಪಾಠ ನೋಡಲು, ಪ್ರಾಜೆಕ್ಟ್ ವರದಿ ಬರೆಯಲು ಅಡ್ಡಿಯಿಲ್ಲ. ಟ್ಯಾಲಿ, ಆಟೊಕ್ಯಾಡ್ ಬೇಕೆನ್ನುವವರಿಗೆ ಮಾತ್ರ ವಿಂಡೋಸೇ ಸರಿ.

ಬೇಕಿರುವುದು ಯಾವ ಕೆಲಸಕ್ಕೆ?

ಇದು ಮಗನೇ ಪ್ರಾಮಾಣಿಕವಾಗಿ ಉತ್ತರಿಸಬೇಕಾದ ಪ್ರಶ್ನೆ. ಓದು, ಬರಹ, ವೀಡಿಯೊ ಪಾಠ, ಶಾಲಾ ಮಟ್ಟದ ಪ್ರೋಗ್ರಾಮಿಂಗ್ – ಇವಕ್ಕೆ 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಹಳೆಯ ಯಂತ್ರ ಧಾರಾಳವಾಯಿತು. ವೀಡಿಯೊ ಸಂಕಲನ, ಮೊಬೈಲ್ ಆ್ಯಪ್ ತಯಾರಿ, ಮೂರು ಆಯಾಮದ ವಿನ್ಯಾಸಕ್ಕಾದರೆ 16 ಜಿಬಿ ಬೇಕಾದೀತು. ‘ಓದಿಗೆ’ ಎನ್ನುವ ಬೇಡಿಕೆಯ ಹಿಂದೆ ಆಟದ ಆಸೆ ಇದ್ದರೆ ಅದನ್ನೂ ಹೇಳಿಬಿಡುವುದು ಲೇಸು. ಆಸೆ ತಪ್ಪಲ್ಲ, ಆದರೆ ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡಿನ ಖರ್ಚಿನ ಲೆಕ್ಕವೇ ಬೇರೆ. ಅದನ್ನು ಓದಿನ ಲೆಕ್ಕದಲ್ಲಿ ಸೇರಿಸಿದರೆ ಮನೆಯ ಆಯವ್ಯಯವೂ ಕೆಡುತ್ತದೆ, ಅಪ್ಪ ಅಮ್ಮ ಇಟ್ಟ ನಂಬಿಕೆಯೂ ಕೆಡುತ್ತದೆ.

ಪಾಲಕರಿಗೂ ಒಂದು ಮಾತು. ಪಿಯುಸಿ ಮುಗಿಯುವ ಮೊದಲೇ ಸಾಲ ಮಾಡಿ ದುಬಾರಿ ಲ್ಯಾಪ್‌ಟಾಪ್ ಕೊಳ್ಳುವ ಅವಸರ ಬೇಡ. ಮಗ ಮುಂದೆ ವಾಣಿಜ್ಯಕ್ಕೆ ಹೋಗುತ್ತಾನೋ, ಎಂಜಿನಿಯರಿಂಗಿಗೋ, ವಾಸ್ತುಶಿಲ್ಪಕ್ಕೋ ಎಂಬುದರ ಮೇಲೆ ಬೇಕಾಗುವ ಯಂತ್ರವೂ ಬದಲಾಗುತ್ತದೆ. ಸೀಟು ಖಚಿತವಾಗುವವರೆಗಿನ ಒಂದೆರಡು ವರ್ಷಕ್ಕೆ ದುರಸ್ತಿಯೇ ಜಾಣತನ.

ಅಂಗಡಿಯಲ್ಲಿ ಎಚ್ಚರ

ಬೆಂಗಳೂರಿನ ಎಸ್.ಪಿ. ರಸ್ತೆಯಿರಲಿ, ಊರಿನ ಪೇಟೆಯಿರಲಿ, ಬಿಡಿಭಾಗದ ಹೆಸರು ಬರೆದುಕೊಂಡು ಹೋಗಬೇಕು. ಡಿಡಿಆರ್3 ರ‍್ಯಾಮ್ ಕೂರುವ ಜಾಗದಲ್ಲಿ ಡಿಡಿಆರ್4 ಕೂರುವುದಿಲ್ಲ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಯೇ ಕೂರಿಸಿರುವುದರಿಂದ ಹೆಚ್ಚಿಸಲು ಬರುವುದಿಲ್ಲ. 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತು. ಹಾಗಾಗಿ ಕಳೆದ ವರ್ಷ ಯಾರೋ ಹೇಳಿದ ಬೆಲೆ ನಂಬದೆ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಬೇಕು. ದುರಸ್ತಿಯ ಒಟ್ಟು ಖರ್ಚು, ಅಷ್ಟೇ ಕೆಲಸ ಮಾಡುವ ಬೇರೆ ಕಂಪ್ಯೂಟರಿನ ಬೆಲೆಯ ಅರ್ಧ ದಾಟಿದರೆ ಬದಲಾಯಿಸುವುದೇ ಸರಿ. ಕಚೇರಿಗಳಲ್ಲಿ ಬಳಸಿ, ಸರಿಪಡಿಸಿ ಮಾರುವ ಯಂತ್ರಗಳೂ ಸಿಗುತ್ತವೆ. ಅವನ್ನು ಕೊಳ್ಳುವಾಗ ಪ್ರೊಸೆಸರಿನ ತಲೆಮಾರು, ಬ್ಯಾಟರಿಯ ಸ್ಥಿತಿ, ರಸೀದಿ, ವಾರಂಟಿ – ನಾಲ್ಕನ್ನೂ ನೋಡಲೇಬೇಕು.

ಯಾವ ದಾರಿ ಹಿಡಿದರೂ ಡಿಸ್ಕ್ ಬಿಚ್ಚುವ ಮೊದಲು ಮನೆಯ ಫೋಟೊ, ಅಂಕಪಟ್ಟಿ, ಮಕ್ಕಳ ಟಿಪ್ಪಣಿಗಳನ್ನು ಬೇರೆಡೆ ನಕಲು ಮಾಡಿಡಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಈ ಕೆಲಸ ನಾಳೆಗೆ ಬೇಡ, ಇಂದೇ ಆಗಲಿ. ಯಂತ್ರಕ್ಕೆ ವಿದಾಯ ಹೇಳುವುದಾದರೆ ಗುಜರಿಗೆ ಹಾಕದೆ, ಮಾಹಿತಿ ಅಳಿಸಿ, ಇ-ತ್ಯಾಜ್ಯ ಪಡೆಯುವ ಅಧಿಕೃತ ಸಂಸ್ಥೆಗೆ ಕೊಡಬೇಕು.

ಒಂದು ಭಾನುವಾರ ಬೆಳಿಗ್ಗೆ ತಂದೆ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಈ ಪರೀಕ್ಷೆ ಮಾಡಿ, ಬೇಕಾದದ್ದನ್ನೂ ಕೈಯಲ್ಲಿರುವ ಹಣವನ್ನೂ ಒಂದೇ ಹಾಳೆಯಲ್ಲಿ ಬರೆಯಲಿ. ಆ ಹಾಳೆ ನೋಡಿದರೆ ‘ಹೊಸದು ಬೇಕು’, ‘ದುಡ್ಡಿಲ್ಲ’ ಎಂಬ ಜಗಳಕ್ಕೆ ಎಡೆಯೇ ಇರದು. ಹೊಸದೇ ಕೊಳ್ಳಬೇಕಾಗಿ ಬಂದರೂ ಏಕೆ ಕೊಳ್ಳುತ್ತಿದ್ದೇವೆಂಬುದು ಇಬ್ಬರಿಗೂ ಗೊತ್ತಿರುತ್ತದೆ.