ಸ್ಲೈಡಿನ ಮೇಲೆ ಬೋರ್‌ವೆಲ್ ನೀರು

ಅಂಗಾಂಶ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅತಿ ಹೆಚ್ಚು ಖರ್ಚಾಗುವ ರಾಸಾಯನಿಕ ನೀರು. ಬಣ್ಣದ ಬಾಟಲಿಯ ಮೇಲೆ ತಯಾರಾದ ದಿನಾಂಕ, ಶುದ್ಧತೆಯ ಪ್ರಮಾಣ ಎಲ್ಲವೂ ಅಚ್ಚಾಗಿರುತ್ತವೆ. ನಲ್ಲಿಗೆ ಅಂಥ ಚೀಟಿ ಇರುವುದಿಲ್ಲ. ಗಡ್ಡೆಯ ತುಣುಕೊಂದನ್ನು ಮೇಣದಲ್ಲಿ ಹುದುಗಿಸಿ, 3ರಿಂದ 5 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಡುವಷ್ಟರಲ್ಲಿ ಅದು ಹಲವು ಸಲ ನೀರಿಗೆ ಇಳಿದು ಎದ್ದಿರುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈ ಸಂಗತಿಗೆ ಹೆಚ್ಚಿನ ತೂಕವಿದೆ. ಆಳಂದ, ಅಫಜಲಪುರಗಳ ನೆಲದಡಿ ಇರುವುದು ಬಸಾಲ್ಟ್ ಎಂಬ ಕಪ್ಪು ಶಿಲೆ, ಅದರ ಮೇಲೆ ಎರೆಮಣ್ಣು. ಜೇವರ್ಗಿಯ ಕಡೆ ಬಂದರೆ ಕೆಲವೆಡೆ ಶಹಾಬಾದ್ ಪರಸಿಯ ಜಾತಿಯ ಸುಣ್ಣಕಲ್ಲು. ಮಣ್ಣಿನಲ್ಲಿ ಇಂಗುವ ಮಳೆನೀರು ಇಂಗಾಲದ ಡೈಆಕ್ಸೈಡನ್ನು ಸೇರಿಸಿಕೊಂಡು ಸ್ವಲ್ಪ ಹುಳಿಯಾಗಿ ಕಲ್ಲನ್ನು ಕರಗಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತು ಬೈಕಾರ್ಬೊನೇಟ್ ಹೊತ್ತುಕೊಂಡು ಬೋರ್‌ವೆಲ್ ಸೇರುವಾಗ ಅದು ಗಡಸು ನೀರು, ಸಾಮಾನ್ಯವಾಗಿ ತುಸು ಕ್ಷಾರೀಯವೂ ಹೌದು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ 2012ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. 600 ಎಂದರೆ 10 ಲೀಟರಿನ ಒಂದು ಬಕೆಟ್ಟಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 6 ಗ್ರಾಂ. ಇಂಥ ನೀರಿನಲ್ಲಿ ತೊಗರಿ ಬೇಳೆ ಬೇಗ ಬೇಯುವುದಿಲ್ಲ ಎಂಬುದು ತೊಗರಿಯ ಈ ನಾಡಿನ ಅಡುಗೆಮನೆಗಳಿಗೆ ಹೊಸ ಸುದ್ದಿಯಲ್ಲ. ಲ್ಯಾಬಿನಲ್ಲಿ ಇದೇ ನೀರು ಒಂದು ಹಂತಕ್ಕೆ ವರ, ಇನ್ನೊಂದಕ್ಕೆ ಕಂಟಕ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ರಕ್ತ, ಕಫದ ಪರೀಕ್ಷೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಪೆಂಡಿಕ್ಸ್, ಗರ್ಭಕೋಶ, ಗಂಟುಗಳು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ಕಲಬುರಗಿಯಂಥ ದೊಡ್ಡ ಊರಿಗೆ ಹೋಗುತ್ತವೆ. 1963ರಲ್ಲಿ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಮೊದಲ್ಗೊಂಡು ಅಲ್ಲಿನ ವೈದ್ಯಕೀಯ ಕಾಲೇಜುಗಳಲ್ಲಿ ಪೆಥಾಲಜಿ ವಿಭಾಗಗಳಿವೆ. ಹಾಗಾಗಿ ತುಣುಕಿಗೆ ಸೋಕುವ ಮೊದಲ ನೀರು ದೊಡ್ಡ ಲ್ಯಾಬಿನದಲ್ಲ, ಫಾರ್ಮಲಿನ್ ಬೆರೆಸಿದ ಊರಿನದು.

ಫಾರ್ಮಲಿನ್ನಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸುವುದು ರೂಢಿ. ಬರೀ ನೀರು ಬೆರೆಸಿಟ್ಟ ಫಾರ್ಮಲಿನ್ ದಿನ ಕಳೆದಂತೆ ಹುಳಿಯಾಗುತ್ತದೆ. ರಕ್ತ ತುಂಬಿದ ಅಂಗಾಂಶದಲ್ಲಿ ಆಗ ಕಂದುಗಪ್ಪು ಕಣಗಳು ಮೂಡುತ್ತವೆ. ಇವು ನೋಡಲು ಮಲೇರಿಯಾ ವರ್ಣಕದ ಹಾಗೆಯೇ ಇರುವುದರಿಂದ ಗೊಂದಲಕ್ಕೆ ದಾರಿ. ಗಡಸು ನೀರಿನ ಬೈಕಾರ್ಬೊನೇಟ್ ಈ ಹುಳಿಯನ್ನು ಸ್ವಲ್ಪ ಕಾಲ ತಡೆದೀತು, ನಂಬಿ ಕೂರುವಷ್ಟಲ್ಲ. ಭರವಸೆಯ ದಾರಿಯೆಂದರೆ ಲೀಟರಿಗೆ 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಮತ್ತು 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಹಾಕಿದ ಬಫರ್ ಫಾರ್ಮಲಿನ್. ಅದನ್ನು ಬೋರ್‌ವೆಲ್ ನೀರಿನಲ್ಲಿ ತಯಾರಿಸಹೊರಟರೆ ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದು ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ, ಬಫರಿನ ಬಲವೂ ಅಷ್ಟು ತಗ್ಗುತ್ತದೆ. ಇಲ್ಲಿ ಬಟ್ಟಿ ಇಳಿಸಿದ ನೀರೇ ಆಗಬೇಕು.

ಮುಂದಿನದು ಬಣ್ಣ. ಪ್ರಪಂಚದಾದ್ಯಂತ ನಿತ್ಯ ಬಳಕೆಯಲ್ಲಿರುವ ಜೋಡಿ ಹಿಮಟಾಕ್ಸಿಲಿನ್ ಮತ್ತು ಇಯೋಸಿನ್. ಹಿಮಟಾಕ್ಸಿಲಿನ್ ಮಧ್ಯ ಅಮೆರಿಕದ ಲಾಗ್‌ವುಡ್ ಮರದ ಕಾಂಡದಿಂದ ಬರುವ ಬಣ್ಣ. ತಾನಾಗಿ ಅದು ಕೋಶಕೇಂದ್ರವನ್ನು ಚೆನ್ನಾಗಿ ಹಿಡಿಯದು. 1865ರಲ್ಲಿ ಬೋಮರ್ ಎಂಬವರು ಅದಕ್ಕೆ ಪಟಿಕ ಬೆರೆಸಿದ ಮೇಲೆ ಅಲ್ಯೂಮಿನಿಯಂ ನಡುವೆ ನಿಂತು ಬಣ್ಣವನ್ನು ಕೋಶಕೇಂದ್ರಕ್ಕೆ ಕಟ್ಟಿಹಾಕಿತು. ದ್ರಾವಣ ಹುಳಿಯಾಗಿರುವುದರಿಂದ ಹೊರಬರುವಾಗ ಕೋಶಕೇಂದ್ರ ಕೆಂಪು ಛಾಯೆಯ ನೇರಳೆ. ಕ್ಷಾರ ಸೋಕಿದರೆ ಮಾತ್ರ ಅದು ನಿಚ್ಚಳ ನೀಲಿಯಾಗುತ್ತದೆ. ಲ್ಯಾಬಿನವರು ಈ ಹಂತವನ್ನು ಬ್ಲೂಯಿಂಗ್ ಎನ್ನುತ್ತಾರೆ.

ಹಳೆಯ ಇಂಗ್ಲಿಷ್ ಪಠ್ಯಪುಸ್ತಕಗಳು ಈ ಹಂತಕ್ಕೆ ‘ಹರಿಯುವ ನಲ್ಲಿ ನೀರಿನಲ್ಲಿ ತೊಳೆಯಿರಿ’ ಎಂದಷ್ಟೇ ಹೇಳಿ ಮುಗಿಸುತ್ತವೆ. ಬರೆದವರ ಊರಿನ ನೀರು ಗಡಸಾಗಿತ್ತು, ಆ ಮಾತು ಅಲ್ಲಿಗೆ ಸರಿ. ಆಳಂದದ ಬೋರ್‌ವೆಲ್ಲಿಗೂ ಸರಿಯೇ: ಐದು ಹತ್ತು ನಿಮಿಷದಲ್ಲಿ ಸೆಕ್ಷನ್, ಅಂದರೆ ಗಾಜಿಗಂಟಿದ ತೆಳು ತುಣುಕು, ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಅದೇ ಸಾಲನ್ನು ನಂಬಿ ದಕ್ಷಿಣ ಕನ್ನಡದ ಮುರಕಲ್ಲಿನ ಬಾವಿಯ ಮೆದು, ಹುಳಿ ನೀರಿನಲ್ಲಿ ತೊಳೆದರೆ ಎಷ್ಟು ಹೊತ್ತಾದರೂ ಕೆಂಪು ಬಿಡುವುದಿಲ್ಲ. ಅಂಥ ಊರುಗಳಿಗಾಗಿ ಸ್ಕಾಟ್ ದ್ರಾವಣವಿದೆ: ಲೀಟರ್ ನೀರಿಗೆ 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 2ರಿಂದ 3.5 ಗ್ರಾಂ ಸೋಡಿಯಂ ಬೈಕಾರ್ಬೊನೇಟ್. ಅಂದರೆ ದುಡ್ಡು ಕೊಟ್ಟು ನೀರನ್ನು ಗಡಸು ಮಾಡಿಕೊಳ್ಳುವುದು.

ಎಡವಟ್ಟು ಆಗುವುದು ಹೆಚ್ಚಾಗಿ ಒಳ್ಳೆಯ ಉದ್ದೇಶದಿಂದಲೇ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಆರ್‌ಒ ನೀರು ಶುದ್ಧ, ಆದ್ದರಿಂದ ಎಲ್ಲಕ್ಕೂ ಅದೇ ಒಳ್ಳೆಯದು ಎಂದು ಬ್ಲೂಯಿಂಗಿಗೂ ಅದನ್ನೇ ಹಿಡಿದರೆ ಕೋಶಕೇಂದ್ರ ಕೆಂಪಾಗಿಯೇ ಉಳಿಯುತ್ತದೆ. ಲವಣ ಹೋದ ನೀರಿಗೆ ಹುಳಿಯನ್ನು ತಡೆಯುವ ಶಕ್ತಿ ಇರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಬೆರೆತರೆ ಬಟ್ಟಿ ನೀರಿನ ಪಿಎಚ್ ಕೂಡ 5.6ರ ಹತ್ತಿರಕ್ಕೆ ಇಳಿಯುತ್ತದೆ.

ಗಡಸು ನೀರಿನ ಉಪಕಾರ ಅಲ್ಲಿಗೆ ಮುಗಿಯಿತು. ಮುಂದೆ ಗುಲಾಬಿ ಬಣ್ಣ ಕೊಡುವ ಇಯೋಸಿನ್ನಿಗೆ ಬೇಕಾದುದು ಹುಳಿ, ಪಿಎಚ್ 5ರ ಆಸುಪಾಸು. ಬುಟ್ಟಿಯಲ್ಲಿ ಜೋಡಿಸಿದ ಸ್ಲೈಡುಗಳು ಬ್ಲೂಯಿಂಗ್ ನೀರನ್ನು ತಮ್ಮೊಂದಿಗೆ ಹೊತ್ತು ತರುತ್ತವೆ. ದಿನವಿಡೀ ಹೀಗಾದರೆ ಸಂಜೆಯ ಹೊತ್ತಿಗೆ ಇಯೋಸಿನ್ ಪೇಲವವಾಗುತ್ತದೆ. ಕೆಲವು ಹನಿ ಅಸಿಟಿಕ್ ಆಮ್ಲ ಸೇರಿಸಿದರೆ ಬಣ್ಣ ಮರಳುತ್ತದೆ.

ಸ್ಲೈಡು ನಡುವೆ ಒಣಗಿದರೆ ಲವಣ ಅಲ್ಲೇ ಕೂರುತ್ತದೆ. ಸೂಕ್ಷ್ಮದರ್ಶಕದ ಫೈನ್ ಫೋಕಸ್ ತಿರುಪನ್ನು ಸ್ವಲ್ಪ ತಿರುಗಿಸಿದರೆ ಸಾಕು: ಹರಳುಗಳು ಒಂದು ಮಟ್ಟದಲ್ಲಿ ಸ್ಪಷ್ಟವಾದರೆ, ಜೀವಕೋಶಗಳು ಅದರ ಕೆಳಗಿನ ಇನ್ನೊಂದು ಮಟ್ಟದಲ್ಲಿ. ಟ್ಯಾಂಕಿನ ಪಾಚಿ, ಶಿಲೀಂಧ್ರದ ಎಳೆಗಳೂ ಹೀಗೇ ಮೇಲೆ ತೇಲಿದಂತೆ ಕಾಣುತ್ತವೆ. ಬೇಸಿಗೆಯಲ್ಲಿ ಇನ್ನೊಂದು ಕಾಟವಿದೆ. 40 ಡಿಗ್ರಿ ದಾಟುವ ಬಿಸಿಲಿಗೆ ಚಾವಣಿಯ ಟ್ಯಾಂಕ್ ಕಾದು, ಕ್ಷಾರೀಯವಾದ ಬಿಸಿನೀರು ಸೆಕ್ಷನ್ನನ್ನು ಗಾಜಿನಿಂದ ಎಬ್ಬಿಸಿಬಿಡಬಲ್ಲದು.

ವಿಶೇಷ ಬಣ್ಣಗಳ ವಿಷಯದಲ್ಲಿ ರಾಜಿಯೇ ಇಲ್ಲ. ಬೆಳ್ಳಿ ದ್ರಾವಣಗಳಿಗೆ ನೀರಿನ ಕ್ಲೋರೈಡ್ ಶತ್ರು. ನಲ್ಲಿ ನೀರಿನ ಪರೀಕ್ಷಾನಳಿಕೆಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ ಹಾಲಿನಂತೆ ಬೆಳ್ಳಗಾಗುತ್ತದೆ, ಒಳ್ಳೆಯ ಬಟ್ಟಿ ನೀರಿನಲ್ಲಿ ತಿಳಿಯಾಗಿಯೇ ಉಳಿಯುತ್ತದೆ. ಯಕೃತ್ತಿನಲ್ಲಿ ಕಬ್ಬಿಣ ಹುಡುಕುವ ಪರ್ಲ್ಸ್ ವಿಧಾನದಲ್ಲಿ ತುಕ್ಕು ಹಿಡಿದ ಪೈಪಿನ ಕಬ್ಬಿಣವೇ ನೀಲಿ ಚುಕ್ಕೆಯಾಗಿ ಸುಳ್ಳು ಹೇಳೀತು.

ತಾಲ್ಲೂಕು ಮಟ್ಟದಲ್ಲಿ ನೀರಿನ ಪ್ರಶ್ನೆ ದಿನವೂ ಎದುರಾಗುವುದು ರಕ್ತದ ಲೇಪದಲ್ಲಿ. ಲೀಶ್ಮನ್ ಬಣ್ಣಕ್ಕೆ ಪಿಎಚ್ 6.8ರ ಬಫರ್ ನೀರು ಬೇಕು. ಮಲೇರಿಯಾ ಪರಾವಲಂಬಿ ಹುಡುಕುವ ಜೀಮ್ಸಾಕ್ಕೆ 7.2. ಬೋರ್‌ವೆಲ್ ನೀರಿನಲ್ಲೇ ತೊಳೆದರೆ ಕೆಂಪು ರಕ್ತಕಣಗಳು ಹಸಿರುನೀಲಿಯಾಗುತ್ತವೆ, ಬಿಳಿ ಕಣಗಳು ಗುರುತು ಸಿಗದಷ್ಟು ಕಪ್ಪಿಡುತ್ತವೆ. ಕ್ಷಯದ ಕಫ ಪರೀಕ್ಷೆಯಲ್ಲಿ ಅಪಾಯ ಬೇರೆ: ನೀರಿನಲ್ಲಿ, ರಬ್ಬರ್ ನಳಿಕೆಗಳಲ್ಲಿ ಬದುಕುವ ನಿರುಪದ್ರವಿ ಮೈಕೋಬ್ಯಾಕ್ಟೀರಿಯಾಗಳೂ ಕ್ಷಯದ ಬ್ಯಾಕ್ಟೀರಿಯಾದ ಹಾಗೆಯೇ ಕೆಂಪು ಬಣ್ಣ ಹಿಡಿಯುತ್ತವೆ.

ಬಟ್ಟಿ ಯಂತ್ರಕ್ಕೂ ಗಡಸು ನೀರು ಆಗಿಬರದು. ಹೀಟರ್ ಕಾಯಿಲಿನ ಮೇಲೆ ಸುಣ್ಣ ಕಟ್ಟಿ ಅದು ಸುಟ್ಟುಹೋಗುತ್ತದೆ. ಆರ್‌ಒ ನೀರನ್ನು ಬಟ್ಟಿಗೆ ಹಾಕುವುದು ಜಾಣತನ. ಗ್ಯಾರೇಜಿನ ಬ್ಯಾಟರಿ ನೀರಿನಲ್ಲಿ ಲವಣ ಕಡಿಮೆ ಇದ್ದರೂ ಬ್ಯಾಕ್ಟೀರಿಯಾ ಇಲ್ಲವೆನ್ನುವಂತಿಲ್ಲ.

ನೀರು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ನಲ್ಲಿಗೆ ನದಿ ನೀರು ಬರುವ ಕಡೆ, ಭೀಮಾ, ಅಮರ್ಜಾ ಮಳೆಗಾಲದಲ್ಲಿ ಕೆಂಪಾಗಿ ಹರಿದಾಗ ಪಟಿಕ ಮತ್ತು ಬ್ಲೀಚಿಂಗ್ ಪುಡಿಯ ಪ್ರಮಾಣ ಏರುತ್ತದೆ: ಪಟಿಕ ನೀರಿನ ಕ್ಷಾರವನ್ನು ತಗ್ಗಿಸುತ್ತದೆ, ಹೆಚ್ಚಾದ ಕ್ಲೋರಿನ್ ಹಿಮಟಾಕ್ಸಿಲಿನ್ನನ್ನು ಮಸುಕು ಮಾಡುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ ಇನ್ನೊಂದು ಬೋರ್‌ವೆಲ್ಲಿನ ನೀರು. ಅದಕ್ಕಾಗಿಯೇ ಪರಿಚಿತ ಅಂಗಾಂಶದ ಒಂದು ಕಂಟ್ರೋಲ್ ಸ್ಲೈಡಿಗೆ ಬೆಳಿಗ್ಗೆಯೇ ಬಣ್ಣ ಹಾಕಿ ನೋಡುವ ಪದ್ಧತಿ ಇರುವುದು. ಬಣ್ಣದ ಬಾಟಲಿ ಅದೇ ಇದ್ದು ಆ ಸ್ಲೈಡು ಮಾತ್ರ ಬೇರೆಯಾಗಿ ಕಂಡರೆ, ಹೊಸ ಬಾಟಲಿ ತರಿಸುವ ಮೊದಲು ನಲ್ಲಿಯ ಕೆಳಗೆ ಪಿಎಚ್ ಕಾಗದ ಹಿಡಿದು, ಆ ವಾರ ಟ್ಯಾಂಕಿಗೆ ಯಾವ ನೀರು ತುಂಬಿದೆ ಎಂದು ವಿಚಾರಿಸಬೇಕು.