ನಾಟಕ ಮುಗಿದ ಮೇಲೆ ಬರುವ ಸಹಾಯಧನ

ಕಳೆದ ಪಕ್ಷದಲ್ಲಿ ಒಂದು ಮಧ್ಯಾಹ್ನ, ನಮ್ಮ ಜಿಲ್ಲೆಯ ಹವ್ಯಾಸೀ ನಾಟಕ ಸಂಘವೊಂದರ ಕಾರ್ಯದರ್ಶಿಗಳು ದಪ್ಪನಾದ ಕಡತವೊಂದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಕಚೇರಿಗೆ ದಯಮಾಡಿಸಿದ್ದರು. ಎರಡು ವರ್ಷಗಳ ಹಿಂದೆ ಅವರ ಸಂಘವು ಆಡಿದ ನಾಟಕಕ್ಕೆ ಸರಕಾರದಿಂದ ಮಂಜೂರಾದ ಸಹಾಯಧನದ ಕೊನೆಯ ಕಂತು ಇನ್ನೂ ಕೈಸೇರಿಲ್ಲವೆಂಬುದೂ, ದೀಪಗಳನ್ನು ಬಾಡಿಗೆಗೆ ಕೊಟ್ಟಾತನೂ ವೇಷಭೂಷಣದ ಅಂಗಡಿಯವನೂ ಮನೆಬಾಗಿಲಿಗೆ ಬಂದು ನಿಲ್ಲುತ್ತಿರುವರೆಂಬುದೂ ಅವರ ಅಹವಾಲು. ನಮ್ಮ ಮುದ್ರಣಾಲಯದ ಲೆಕ್ಕದ ಪುಸ್ತಕದಲ್ಲಿಯೂ ಅದೇ ನಾಟಕದ ಹಸ್ತಪತ್ರಿಕೆಗಳ ಬಾಕಿ ನಿಂತಿರುವುದನ್ನು ಅವರು ಬಲ್ಲರು, ನಾವೂ ಬಲ್ಲೆವು. ಇಬ್ಬರೂ ಆ ಮಾತನ್ನೆತ್ತಲಿಲ್ಲ. ಈ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದೆವು. ಅವಶ್ಯವಾಗಿ ಬರೆಯಬೇಕೆಂದರು. ಬಾಗಿಲವರೆಗೆ ಹೋದವರು ಹಿಂತಿರುಗಿ ಬಂದು, "ಸಂಘದ ಹೆಸರು ಮಾತ್ರ ಬೇಡ ಸ್ವಾಮೀ, ಮುಂದಿನ ಅರ್ಜಿಯೂ ಅಲ್ಲಿಯೇ ಇದೆ" ಎಂದರು.

ಹಣ ತಡವಾಯಿತೆಂಬ ಮಾತಿಗಿಂತ ಈ ಕಡೆಯ ಮಾತು ನಮ್ಮ ಮನಸ್ಸನ್ನು ಹೆಚ್ಚಾಗಿ ನೋಯಿಸಿತು. ರಂಗದ ಮೇಲೆ ರಾಜನನ್ನೂ ಮಂತ್ರಿಯನ್ನೂ ನಿರ್ಭಯವಾಗಿ ಹಾಸ್ಯಮಾಡಬಲ್ಲ ಮನುಷ್ಯನು ಗುಮಾಸ್ತೆಯೊಬ್ಬನ ಮೇಜಿನ ಮುಂದೆ ತನ್ನ ಸಂಘದ ಹೆಸರನ್ನೇ ಮುಚ್ಚಿಟ್ಟುಕೊಳ್ಳಬೇಕಾಗಿ ಬಂದರೆ, ಆ ಸಹಾಯವು ಯಾವ ಬಗೆಯ ಸಹಾಯವೆಂದು ವಿಚಾರಿಸುವುದು ಪತ್ರಿಕೆಗಳ ಕರ್ತವ್ಯವಾಗಿರುತ್ತದೆ. ಸರಕಾರೀ ಜಾಹೀರಾತುಗಳ ಬಿಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವ ನಮ್ಮಂಥವರಿಗೆ ಈ ಭಯವು ತೀರ ಅಪರಿಚಿತವೂ ಅಲ್ಲ.

ಸರಕಾರವು ಕಲೆಗೆ ಹಣ ಕೊಡಲೇಕೂಡದೆಂದು ವಾದಿಸುವ ಪಕ್ಷದವರು ನಾವಲ್ಲ. ಕನ್ನಡ ರಂಗಭೂಮಿಗೆ ಪ್ರಭುತ್ವದ ಆಶ್ರಯವು ಹೊಸದಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು ಅರಮನೆಯ ನಾಟಕ ಮಂಡಳಿಗೆ ಆಶ್ರಯವಿತ್ತುದರಿಂದಲೇ ಬಸವಪ್ಪ ಶಾಸ್ತ್ರಿಗಳ ಶಾಕುಂತಲವು ರಂಗವನ್ನು ಕಂಡಿತು. ಅದೇ ಕಾಲದಲ್ಲಿ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯು ಪ್ರೇಕ್ಷಕರ ಕಾಸಿನಿಂದಲೇ ಬೆಳೆಯಿತೆಂಬುದನ್ನೂ ಮರೆಯಕೂಡದು. ಇತ್ತ ಬ್ರಿಟಿಷ್ ಸರಕಾರವು ನಾಟಕಕ್ಕೆ ಕೊಟ್ಟುದು ಹಣವನ್ನಲ್ಲ, 1876ರ ನಾಟಕ ಪ್ರದರ್ಶನ ಶಾಸನವನ್ನು. ಆ ಶಾಸನವು ನಮ್ಮ ಸ್ವಾತಂತ್ರ್ಯಕ್ಕೆ 70 ವರ್ಷಗಳು ತುಂಬಿದ ಮೇಲೆ, 2018ರಲ್ಲಿ, ಕಾನೂನಿನ ಪುಸ್ತಕದಿಂದ ತೆಗೆದುಹಾಕಲ್ಪಟ್ಟಿತು. ಸಿನಿಮಾದ ಪ್ರಾಬಲ್ಯದಿಂದ ವೃತ್ತಿಕಂಪೆನಿಗಳು ಒಂದೊಂದಾಗಿ ಡೇರೆ ಕಿತ್ತ ಕಾಲಕ್ಕೆ ಸ್ವತಂತ್ರ ಭಾರತದ ಸರಕಾರವು ಕೈನೀಡಿತು. 1953ರಲ್ಲಿ ದಿಲ್ಲಿಯ ಸಂಗೀತ ನಾಟಕ ಅಕಾಡೆಮಿ, 1963ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ, 1989ರಲ್ಲಿ ಮೈಸೂರಿನ ರಂಗಾಯಣ ಇವು ಆ ನೀತಿಯ ಫಲಗಳು. ಬಿ. ವಿ. ಕಾರಂತರಂಥವರ ಕೈಗೆ ಸರಕಾರವು ಒಂದು ರಂಗಸಂಸ್ಥೆಯನ್ನು ಒಪ್ಪಿಸಿದುದರಿಂದ ಕನ್ನಡನಾಡಿಗೆ ಲಾಭವಾಗಲಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು.

ಆದರೆ ಕೊಡುವ ಹಣವೆಷ್ಟು? 2025-26ನೆಯ ಸಾಲಿಗೆ ಕೇಂದ್ರ ಸರಕಾರವು ಸಂಸ್ಕೃತಿ ಸಚಿವಾಲಯಕ್ಕೆ ಗೊತ್ತುಪಡಿಸಿದ ಮೊತ್ತವು ಸುಮಾರು 3,360 ಕೋಟಿ ರೂಪಾಯಿ. ಸಂಖ್ಯೆಯು ದೊಡ್ಡದಾಗಿ ಕಾಣುತ್ತದೆ. ಸುಮಾರು 50 ಲಕ್ಷ ಕೋಟಿಗೂ ಮಿಕ್ಕಿದ ಇಡೀ ಆಯವ್ಯಯದ ಪಕ್ಕದಲ್ಲಿಟ್ಟು ನೋಡಿದರೆ ಅದು ನೂರು ರೂಪಾಯಿಗೆ ಏಳು ಪೈಸೆಯನ್ನೂ ಮುಟ್ಟುವುದಿಲ್ಲ. ಪುರಾತತ್ತ್ವ ಇಲಾಖೆ, ವಸ್ತುಸಂಗ್ರಹಾಲಯಗಳು, ಗ್ರಂಥಾಲಯಗಳು ಇವೆಲ್ಲವೂ ಆ ಏಳು ಪೈಸೆಯೊಳಗೇ ಬಾಳತಕ್ಕವು. ಗುರುಶಿಷ್ಯ ಪರಂಪರೆಯ ಹೆಸರಿನಲ್ಲಿ ನಾಟಕ ತಂಡಗಳಿಗೆ ಕೊಡುವ ಕೇಂದ್ರದ ನೆರವಿನಲ್ಲಿ ಗುರುವಿಗೆ ತಿಂಗಳಿಗೆ 15,000, ಶಿಷ್ಯನಿಗೆ ಹೆಚ್ಚೆಂದರೆ 10,000 ರೂಪಾಯಿ. ಈ ಹಣದಲ್ಲಿ ನಟನೊಬ್ಬನು ಪಟ್ಟಣದಲ್ಲಿ ಬಾಡಿಗೆಯ ಕೋಣೆ ಹಿಡಿದು ಹೇಗೆ ಬದುಕುವನೆಂಬುದನ್ನು ಲೆಕ್ಕ ಬಲ್ಲ ವಾಚಕರೇ ಊಹಿಸಲಿ.

ಹಣವು ಅಲ್ಪವಾದರೂ ಅದರ ಹಿಂದೆ ಬರುವ ಕಾಗದಪತ್ರಗಳು ಅಲ್ಪವಲ್ಲ. ಸಂಘವು 1960ರ ಸಂಘಗಳ ನೋಂದಣಿ ಶಾಸನದ ಮೇರೆಗೆ ವರ್ಷವರ್ಷವೂ ಲೆಕ್ಕವೊಪ್ಪಿಸಬೇಕು. ಆದಾಯ ತೆರಿಗೆಯ ವಿನಾಯಿತಿಗಾಗಿ ಮಾಡಿಸಿದ ನೋಂದಣಿಯು ಮೊದಲು ಒಮ್ಮೆ ದೊರೆತರೆ ಶಾಶ್ವತವಾಗಿತ್ತು. 2021ರಿಂದ ಅದನ್ನು ಗೊತ್ತಾದ ಅವಧಿಗೊಮ್ಮೆ ಹೊಸದು ಮಾಡಿಸಿಕೊಳ್ಳಬೇಕಾಗಿದೆ. ಕೇಂದ್ರದ ನೆರವನ್ನು ಕೇಳುವವರು ನೀತಿ ಆಯೋಗದ ದರ್ಪಣ ಜಾಲತಾಣದಲ್ಲಿ ಹೆಸರು ಬರೆಸಿರಬೇಕು. ಹಣ ಬಂದ ಮೇಲೆ ಲೆಕ್ಕಪರಿಶೋಧಕರ ಸಹಿಯೊಡನೆ ಬಳಕೆ ಪ್ರಮಾಣಪತ್ರವನ್ನು ಕಳುಹಿಸಬೇಕು. ಅದು ಒಪ್ಪಿಗೆಯಾದ ಹೊರತು ಉಳಿದ ಕಂತಿಲ್ಲ. ಸಾರ್ವಜನಿಕ ದ್ರವ್ಯಕ್ಕೆ ಲೆಕ್ಕ ಬೇಡವೆಂದು ನಾವು ಹೇಳುವುದಿಲ್ಲ. ದೊಡ್ಡ ಸಂಸ್ಥೆಗಳಿಗೆ ಈ ಕೆಲಸಕ್ಕೆ ಸಂಬಳದ ಗುಮಾಸ್ತರಿರುವರು. ಹಗಲು ಶಾಲೆಯಲ್ಲಿ ಪಾಠ ಹೇಳಿ, ಸಂಜೆ ತಾಲೀಮು ನಡೆಸಿ, ರಾತ್ರಿ ಹನ್ನೊಂದಕ್ಕೆ ಕಂಪ್ಯೂಟರಿನ ಮುಂದೆ ಅರ್ಜಿ ತುಂಬುವ ಉಪಾಧ್ಯಾಯನಿಗೆ ಯಾರಿರುವರು?

ಪರದೇಶದ ನೆರವಿನ ದಾರಿಯೂ ಈಗ ಬಹಳ ಇಕ್ಕಟ್ಟಾಗಿದೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯು ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಜನಸ್ಪಂದನವೆಂಬ ಯೋಜನೆಯ ಮೂಲಕ ನಾಟಕವನ್ನೂ ಒಳ್ಳೆಯ ಚಲಚ್ಚಿತ್ರಗಳನ್ನೂ ಹಳ್ಳಿಗಳಿಗೆ ಒಯ್ದಿತು. 2020ರ ತಿದ್ದುಪಡಿಯಾದ ಮೇಲೆ ಅಂಥ ಹಣವು ದಿಲ್ಲಿಯ ಒಂದೇ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು. ಆಡಳಿತದ ಖರ್ಚು ನೂರಕ್ಕೆ ಇಪ್ಪತ್ತನ್ನು ಮೀರಕೂಡದು. ಪಡೆದ ಸಂಸ್ಥೆಯು ಅದನ್ನು ಮತ್ತೊಂದು ಸಣ್ಣ ಸಂಸ್ಥೆಗೆ ಹಂಚಕೂಡದು. ಪರದೇಶದ ಹಣದ ಮೇಲೆ ಸರಕಾರವು ಕಣ್ಣಿಡುವುದು ನ್ಯಾಯವೇ. ಆದರೆ ಹಂಚಕೂಡದೆಂಬ ಈ ನಿಬಂಧನೆಯಿಂದ ಮುಖ್ಯವಾಗಿ ಪೆಟ್ಟು ಬಿದ್ದುದು, ತಾವಾಗಿಯೇ ಪರವಾನಗಿ ಪಡೆಯಲಾರದ ಹಳ್ಳಿಯ ತಂಡಗಳಿಗೆ. ಇನ್ನು 2013ರ ಕಂಪೆನಿ ಕಾಯಿದೆಯಂತೆ ದೊಡ್ಡ ಕಂಪೆನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡತಕ್ಕದ್ದು, ಅದರಲ್ಲಿ ಕಲೆಯೂ ಸೇರಿದೆ. ಸೇರಿರುವುದೇನೋ ನಿಜ, ನಮ್ಮ ಕಾರ್ಯದರ್ಶಿಗಳಿಗೆ ಅಂಥ ಕಂಪೆನಿಯ ಬಾಗಿಲಿನ ಕಾವಲುಗಾರನ ಪರಿಚಯವೂ ಇಲ್ಲ.

ಇವೆಲ್ಲಕ್ಕಿಂತ ನಮಗೆ ಶೋಚನೀಯವಾಗಿ ತೋರುವುದು ರಾಜ್ಯದ ಅಕಾಡೆಮಿಗಳ ಪಾಡು. ಅಧ್ಯಕ್ಷರಿಗೂ ಸದಸ್ಯರಿಗೂ ಮೂರು ವರ್ಷಗಳ ಅವಧಿಯೆಂದು ಹೇಳುವರು. 2019ರಲ್ಲಿ ಸರಕಾರ ಬದಲಾದೊಡನೆ ಹಿಂದಿನವರ ನೇಮಕಗಳು ರದ್ದಾದವು. 2023ರ ಮೇ ತಿಂಗಳಲ್ಲಿ ಮತ್ತೆ ಸರಕಾರ ಬದಲಾಯಿತು, ಮತ್ತೆ ನೇಮಕಗಳು ರದ್ದಾದವು. ಹೊಸ ಅಧ್ಯಕ್ಷರ ಪಟ್ಟಿ ಹೊರಬಿದ್ದುದು 2024ರ ಮಾರ್ಚಿಯಲ್ಲಿ. ಸುಮಾರು ಹತ್ತು ತಿಂಗಳ ಕಾಲ ನಾಟಕಕ್ಕೂ ಸಂಗೀತಕ್ಕೂ ಸಾಹಿತ್ಯಕ್ಕೂ ಸಂಬಂಧಪಟ್ಟ ಗಾದಿಗಳು ಬರಿದಾಗಿದ್ದವು. ಒಂದು ಪಕ್ಷದವರು ಮಾಡಿದುದನ್ನೇ ಇನ್ನೊಂದು ಪಕ್ಷದವರೂ ಮಾಡಿರುವುದರಿಂದ ಇದರಲ್ಲಿ ಯಾರನ್ನು ಹೆಚ್ಚು, ಯಾರನ್ನು ಕಡಿಮೆ ಎನ್ನುವ ಪ್ರಶ್ನೆಯೇ ಇಲ್ಲ. ಗಾದಿಯು ವಿಧಾನಸೌಧದ ಗಾಳಿಗೆ ಅಲುಗುವುದೆಂದು ಬಲ್ಲ ಕಲಾವಿದನು ಕ್ರಮೇಣ ನಾಟಕವನ್ನು ಬಿಟ್ಟು ಗಾಳಿಯ ದಿಕ್ಕನ್ನೇ ಅಭ್ಯಾಸ ಮಾಡತೊಡಗುವನು.

ಇಂಗ್ಲೆಂಡಿನಲ್ಲಿ 1946ರಲ್ಲಿ ಸ್ಥಾಪಿತವಾದ ಆರ್ಟ್ಸ್ ಕೌನ್ಸಿಲ್ಲಿನ ತತ್ತ್ವವು ಬೇರೆ: ಬೊಕ್ಕಸವು ಹಣ ಕೊಡುವುದು, ಯಾರಿಗೆ ಕೊಡಬೇಕೆಂಬುದನ್ನು ಕೌನ್ಸಿಲ್ಲು ನಿರ್ಧರಿಸುವುದು. ಅಲ್ಲಿಯೂ ಎಲ್ಲವೂ ನೆಟ್ಟಗಿದೆಯೆಂದಲ್ಲ. 2022ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಆಪೆರಾದಂಥ ಹೆಸರಾಂತ ಸಂಸ್ಥೆಯನ್ನೇ ಖಾಯಂ ನೆರವಿನ ಪಟ್ಟಿಯಿಂದ ತೆಗೆದಾಗ ದೊಡ್ಡ ಗದ್ದಲವೆದ್ದಿತು. ಆದರೆ ಆ ನಿರ್ಧಾರವನ್ನು ಬಹಿರಂಗವಾಗಿ ಪ್ರಕಟಿಸಿದರು, ಬಹಿರಂಗವಾಗಿಯೇ ಪ್ರತಿಭಟಿಸಿದರು. ಹೆಸರು ಬೇಡವೆಂದು ಯಾರೂ ಪಿಸುಗುಟ್ಟಲಿಲ್ಲ.

ತಪ್ಪು ಸರಕಾರದ ಕಡೆಗೇ ಇದೆಯೆಂದು ಬರೆದು ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ಅರ್ಜಿ ಹಾಕುವ ಕಾಲಕ್ಕೆ ಮಾತ್ರ ಜೀವ ತಳೆಯುವ, ಒಂದೇ ಮನೆಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರನ್ನೂ ಪಡೆದಿರುವ ಸಂಘಗಳು ಪ್ರತಿ ತಾಲ್ಲೂಕಿನಲ್ಲಿಯೂ ಉಂಟು. ಅವರ ನಾಟಕವನ್ನು ಭಾವಚಿತ್ರದಲ್ಲಿ ಮಾತ್ರ ನೋಡಬಹುದು. ಕಡತಗಳು ದಪ್ಪವಾದುದಕ್ಕೆ ಇಂಥವರೂ ಕಾರಣರು. ಆದರೆ ಸೋಜಿಗವೇನೆಂದರೆ, ಕಡತ ದಪ್ಪವಾದಷ್ಟೂ ಇವರಿಗೇ ಅನುಕೂಲ. ನಾಟಕವಾಡುವ ತೊಂದರೆಯಿಲ್ಲದುದರಿಂದ ಕಾಗದ ಬರೆಯಲು ಅವರಿಗೆ ಪುರಸೊತ್ತು ಹೆಚ್ಚು.

ಸರಕಾರವನ್ನೇ ನೆಚ್ಚಿ ಕೂಡದೆ ಬಾಳಿದವರ ಉದಾಹರಣೆಗಳಿಗೂ ಕೊರತೆಯಿಲ್ಲ. ಕರಾವಳಿಯಲ್ಲಿ ಕಟೀಲು, ಮಂದಾರ್ತಿ, ಧರ್ಮಸ್ಥಳ ಮೊದಲಾದ ಕ್ಷೇತ್ರಗಳ ಯಕ್ಷಗಾನ ಮೇಳಗಳು ಭಕ್ತರ ಹರಕೆಯ ಆಟಗಳಿಂದಲೇ ತಿರುಗಾಟ ನಡೆಸುತ್ತಿವೆ. 1949ರಲ್ಲಿ ಮಲೆನಾಡಿನ ಅಡಕೆ ತೋಟಗಳ ನಡುವೆ ಹುಟ್ಟಿದ ನೀನಾಸಮ್ ಸರಕಾರದ ನೆರವನ್ನೂ ಪಡೆಯಿತು, ಪರದೇಶದ ನೆರವನ್ನೂ ಪಡೆಯಿತು; ಆದರೆ 1985ರಲ್ಲಿ ಆರಂಭವಾದ ಅದರ ತಿರುಗಾಟವು ಊರೂರಿನ ಸಂಘಟಕರು ಕರೆಸಿ, ಉಣಬಡಿಸಿ, ಟಿಕೀಟು ಮಾರಿ ಆಡಿಸುವುದರ ಮೇಲೆ ನಿಂತಿದೆ. ಈ ಉದಾಹರಣೆಗಳನ್ನು ಮುಂದೆ ಮಾಡಿ, ಹಾಗಾದರೆ ನೆರವೇ ಬೇಡವಲ್ಲ ಎಂದು ಅಧಿಕಾರಿವರ್ಗದವರು ನಗಬಾರದು. ದೇವಸ್ಥಾನದ ಬಲವಿಲ್ಲದ, ಕೆ. ವಿ. ಸುಬ್ಬಣ್ಣನವರಂಥ ಪುರುಷರು ದೊರೆಯದ ಊರುಗಳೇ ನಮ್ಮಲ್ಲಿ ಹೆಚ್ಚು.

ನಾವು ಕೇಳುವುದು ಅಸಾಧ್ಯವಾದುದೇನೂ ಅಲ್ಲ. ಸಣ್ಣ ಮೊತ್ತದ ನೆರವನ್ನು ನಾಟಕಕ್ಕೆ ಮುಂಚೆಯೇ ಪೂರ್ತಿಯಾಗಿ ಕೊಟ್ಟು, ಅನಂತರ ಒಬ್ಬ ಅಧಿಕಾರಿಯು ಬಂದು ನಾಟಕವನ್ನೇ ನೋಡಿ ಹೋಗಲಿ. ಭಾವಚಿತ್ರ, ರಶೀದಿಗಳಿಗಿಂತ ಅದು ಉತ್ತಮವಾದ ಪ್ರಮಾಣಪತ್ರ. ಅಕಾಡೆಮಿಗಳ ಅವಧಿಯನ್ನು ಸರಕಾರ ಬದಲಾದರೂ ಕದಲದಂತೆ ಕಾನೂನಿನಿಂದ ಭದ್ರಪಡಿಸಲಿ. ನೆರವು ಪಡೆದವರ ಹೆಸರುಗಳ ಜತೆಗೆ, ನಿರಾಕರಿಸಲ್ಪಟ್ಟವರಿಗೆ ಕಾರಣವನ್ನೂ ಬರೆದು ತಿಳಿಸಲಿ. 2018ರಲ್ಲಿ ನಾಟಕದ ಟಿಕೀಟಿಗೆ 500 ರೂಪಾಯಿಯವರೆಗೆ ಜಿ.ಎಸ್.ಟಿ. ಇಲ್ಲವೆಂದು ಮಾಡಿದುದು ಯಾವ ಅರ್ಜಿಯೂ ಇಲ್ಲದೆ ಎಲ್ಲ ತಂಡಗಳಿಗೂ ಸಮನಾಗಿ ಮುಟ್ಟಿದ ಉಪಕಾರ. ಸರಕಾರೀ ರಂಗಮಂದಿರಗಳ ಬಾಡಿಗೆಯನ್ನು ಹವ್ಯಾಸಿಗಳ ಕೈಗೆಟುಕುವಂತೆ ಇಡುವುದೂ ಅದೇ ಜಾತಿಯ ಉಪಕಾರವಾಗುವುದು.

ಕಾರ್ಯದರ್ಶಿಗಳು ಹೋಗುವ ಮುನ್ನ ಇನ್ನೊಂದು ಮಾತನ್ನು ಹೇಳಿದರು. ಹೊಸ ನಾಟಕದ ತಾಲೀಮು ಅವರ ಮನೆಯ ಜಗಲಿಯಲ್ಲಿ ಆರಂಭವಾಗಿದೆಯಂತೆ, ಕಾರ್ತೀಕದಲ್ಲಿ ಪ್ರದರ್ಶನವಂತೆ. ಟಿಕೀಟುಗಳನ್ನು ನಮ್ಮಲ್ಲಿಯೇ ಅಚ್ಚುಹಾಕಿಸಬೇಕೆಂದಿರುವರು. ಒಪ್ಪಿರುತ್ತೇವೆ; ಹಣ ಯಾವಾಗ ಎಂದು ಕೇಳಲಿಲ್ಲ.